ಜೋಳದ ಕೋಣೆಯಲ್ಲಿ ಆರು ಕುಂಬಳಕಾಯಿ

ನಮ್ಮ ಮನೆಯಲ್ಲಿ ಜೋಳದ ಚೀಲ ಇಡುವ ಕೋಣೆಯಲ್ಲಿ ಈಗ ಆರು ಕುಂಬಳಕಾಯಿ ಇವೆ. ಆರಕ್ಕೂ ಹಿಟ್ಟು ತಿಗಣೆ ಹತ್ತಿದೆ. ಮೈಮೇಲೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಿರುವ, ಗಿಡದ ರಸ ಹೀರುವ ಸಣ್ಣ ಹುಳ ಅದು. ಹತ್ತಿಸಿದ್ದು ನಾನೇ. ದ್ರಾಕ್ಷಿ ತೋಟ ಇಟ್ಟುಕೊಂಡು ಯಾರಾದರೂ ಮನೆಯಲ್ಲಿ ಹಿಟ್ಟು ತಿಗಣೆ ಸಾಕುತ್ತಾರಾ ಅಂತ ಬಂದವರೆಲ್ಲ ಕೇಳುತ್ತಾರೆ. ಒಬ್ಬೊಬ್ಬರನ್ನೂ ಕೂರಿಸಿ ಹೇಳುವ ಬದಲು ಬರೆದೇ ಬಿಡೋಣ ಅನಿಸಿತು.

ನಮ್ಮದು ಕೊಪ್ಪಳ ತಾಲೂಕಿನ ಒಂದು ಹಳ್ಳಿ. ಮಸಾರಿ ಹೊಲ, ಬೋರಿನ ನೀರು, ಡ್ರಿಪ್. ಎರಡು ಎಕರೆಯಲ್ಲಿ ಥಾಮ್ಸನ್ ಸೀಡ್‌ಲೆಸ್ ಅನ್ನುವ ದ್ರಾಕ್ಷಿ ತಳಿ ಹಾಕಿದ್ದೇವೆ. ಸಾಲಿನಿಂದ ಸಾಲಿಗೆ 10 ಅಡಿ, ಗಿಡದಿಂದ ಗಿಡಕ್ಕೆ 6 ಅಡಿ. ಎಕರೆಗೆ 720ಕ್ಕೂ ಜಾಸ್ತಿ ಗಿಡ ಕೂರುತ್ತವೆ. ನಮ್ಮವರು ನೀರು, ಗೊಬ್ಬರ, ಮಾರಾಟ ನೋಡಿಕೊಳ್ಳುತ್ತಾರೆ. ಗಿಡದ ಹತ್ತಿರ ದಿನಾ ಓಡಾಡುವವಳು ನಾನು.

ಮೂರು ವರ್ಷದ ಹಿಂದೆ, ಕಟಾವಿಗೆ ಇನ್ನು ಹತ್ತು ದಿನ ಇದ್ದಾಗ ವ್ಯಾಪಾರಿ ಬಂದ. ಒಂದು ಗೊನೆ ಎತ್ತಿ, ಕಾಯಿಗಳ ನಡುವೆ ಬೆರಳು ತೂರಿಸಿ ಹೊರಗೆ ತೆಗೆದ. ಬೆರಳು ಅಂಟಂಟಾಗಿತ್ತು, ತುದಿಗೆ ಕಪ್ಪು ಮಸಿ. ಏನೂ ಮಾತಾಡಲಿಲ್ಲ. ಆ ಬೆರಳನ್ನು ನನಗೆ ತೋರಿಸಿ, ಕರ್ಚೀಫಿನಲ್ಲಿ ಒರೆಸಿಕೊಂಡು ಮುಂದಿನ ಸಾಲಿಗೆ ಹೋದ. ಅವತ್ತು ಮೂರರಲ್ಲಿ ಒಂದು ಪಾಲು ಹಣ್ಣು ಬೇಡ ಅಂದ. ಆ ವರ್ಷ ಹಿಟ್ಟು ತಿಗಣೆಗೆ ಅಂತಲೇ ನಾವು ಏಳು ಸಲ ಎಣ್ಣೆ ಹೊಡೆದಿದ್ದೆವು. ಏಳು ಸಲ! ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಅನ್ನುವುದು.

ಏಳು ಸಲ ಹೊಡೆದರೂ ಅದು ಯಾಕೆ ಸಾಯಲಿಲ್ಲ? ಈ ಪ್ರಶ್ನೆ ಹಿಡಿದುಕೊಂಡೇ ನಾನು ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಓದಿದ ಪರಿಚಯದ ಹುಡುಗಿಯೊಬ್ಬಳನ್ನು ತೋಟಕ್ಕೆ ಕರೆದೆ. ಅವಳು ಎಲೆ ನೋಡಲೇ ಇಲ್ಲ. ನೇರ ಕಾಂಡದ ಬುಡಕ್ಕೆ ಕೂತು ಒಣ ಸಿಪ್ಪೆಯನ್ನು ಉಗುರಿನಿಂದ ಎತ್ತಿದಳು. ಒಳಗೆ ಹತ್ತಿಯಂಥ ಗೂಡು. ಗೂಡು ಬಿಡಿಸಿದರೆ ನಸುಗೆಂಪು ಮೊಟ್ಟೆಗಳು, ಗಸಗಸೆಗಿಂತ ಸಣ್ಣವು. ಒಂದು ಹೆಣ್ಣು ಮುನ್ನೂರು ನಾನೂರು ಮೊಟ್ಟೆ ಇಡುತ್ತದೆ ಅಂದಳು. ಮೈಮೇಲೆ ಮೇಣದ ಹೊದಿಕೆ, ಮೇಲೆ ಸಿಪ್ಪೆಯ ಮರೆ. ಔಷಧಿ ಒಳಗೆ ಹೋಗುವುದೇ ಇಲ್ಲ. ಹೊರಗೆ ಬಿದ್ದ ಔಷಧಿಗೆ ಸಾಯುವುದು ಎಲೆಯ ಮೇಲೆ ಬಯಲಿನಲ್ಲಿ ಓಡಾಡುವ ಹುಳ. ಅಂದರೆ ಹಿಟ್ಟು ತಿಗಣೆಯನ್ನು ತಿನ್ನುವ ಹುಳ. ಏಳು ಸಲ ನಾವು ಸಾಯಿಸಿದ್ದು ಅವನ್ನು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವಳೇ ಹೇಳಿದ ಹೆಸರು ಕ್ರಿಪ್ಟೋಲೀಮಸ್. ಹಿಟ್ಟು ತಿಗಣೆ ತಿನ್ನುವ ದುಂಬಿ, ಗುಲಗಂಜಿ ಹುಳದ ಜಾತಿ. ಆಸ್ಟ್ರೇಲಿಯಾದ್ದು. 1898ರಲ್ಲೇ ಕಾಫಿ ಗಿಡದ ಹಸಿರು ಶಲ್ಕ ಕೀಟ ತಿನ್ನಲಿ ಅಂತ ನಮ್ಮ ದೇಶಕ್ಕೆ ತಂದರಂತೆ. ಅದಕ್ಕೂ ಮೊದಲು, 1891ರಲ್ಲಿ, ಕ್ಯಾಲಿಫೋರ್ನಿಯಾದವರು ಕಿತ್ತಳೆ ತೋಟಕ್ಕೆ ತರಿಸಿದ್ದರಂತೆ. ನನಗೆ ಧೈರ್ಯ ಕೊಟ್ಟಿದ್ದು ಮಾತ್ರ ಹತ್ತಿರದ ಇನ್ನೊಂದು ಕಥೆ. ಪಪ್ಪಾಯಿ ಬೆಳೆದವರಿಗೆ ನೆನಪಿರಬಹುದು. 2008ರಲ್ಲಿ ಕೊಯಮತ್ತೂರಿನ ಕಡೆ ಮೊದಲು ಕಂಡ ಪಪ್ಪಾಯಿ ಹಿಟ್ಟು ತಿಗಣೆ ಎರಡೇ ವರ್ಷದಲ್ಲಿ ಎಲ್ಲಾ ಕಡೆ ಹಬ್ಬಿತು. ಹಿಪ್ಪುನೇರಳೆಯನ್ನೂ ಬಿಡಲಿಲ್ಲ. 2010ರಲ್ಲಿ ಪೋರ್ಟೊರಿಕೋದಿಂದ ಆ ತಿಗಣೆಯನ್ನು ಕೊಲ್ಲುವ ಅಸೆರೋಫೇಗಸ್ ಅನ್ನುವ ಕಣಜವನ್ನು ತರಿಸಿದರು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯಲ್ಲಿ ಬೆಳೆಸಿ ಹಂಚಿದ ಮೇಲೆ ತಿಗಣೆ ತಾನಾಗಿ ಇಳಿಯಿತು. ಆಗ ಪಪ್ಪಾಯಿ ಹಾಕಿದ್ದ ನಮ್ಮ ಸಂಬಂಧಿಕರು "ಗಾಳಿಗೆ ಹೋತು" ಅಂತಿದ್ದರು. ಅದು ಗಾಳಿಗೆ ಹೋದದ್ದಲ್ಲ, ಅಲ್ವಾ?

ಏಪ್ರಿಲ್ ಚಾಟಣಿ, ಅಂದರೆ ಗಿಡದ ಕಡ್ಡಿ ಕತ್ತರಿಸುವ ಕೆಲಸ, ಆದ ಮೇಲೆ ಶುರು ಮಾಡಿದೆವು. ಮೊದಲು ಹುಳ ತರುವುದಲ್ಲ, ಮೊದಲು ಸಿಪ್ಪೆ ಸುಲಿಯುವುದು. ಗೋಣಿ ತಟ್ಟು ಕೈಗೆ ಸುತ್ತಿಕೊಂಡು ಕಾಂಡವನ್ನು ಉಜ್ಜಿದರೆ ಸಡಿಲ ಸಿಪ್ಪೆ ಬರುತ್ತದೆ. ಕುಡುಗೋಲು, ತಂತಿ ಬ್ರಷ್ ಹಚ್ಚಬಾರದು, ಹಸಿ ತೊಗಟೆಗೆ ಗಾಯ ಆಗುತ್ತದೆ. ಸುಲಿದದ್ದನ್ನು ಅಲ್ಲೇ ಚೆಲ್ಲದೆ ಚೀಲಕ್ಕೆ ತುಂಬಿ ತೋಟದ ಹೊರಗೆ ಸುಟ್ಟೆವು. ಕಾಂಡಕ್ಕೆ ಮೀನೆಣ್ಣೆ ರಾಳದ ಸೋಪು, ಲೀಟರಿಗೆ 25 ಗ್ರಾಂ ಕರಗಿಸಿ ಬಳಿದೆವು. 40 ಡಿಗ್ರಿ ಬಿಸಿಲು. ಎರಡು ಎಕರೆಗೆ ಹದಿನೈದು ದಿನ ಹಿಡಿಯಿತು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಹುಳ ತಂದು ಬಿಟ್ಟರೆ ದುಡ್ಡು ದಂಡ.

ಜುಲೈ ಮುಗಿಯುವ ಹೊತ್ತಿಗೆ ಒಂದೊಂದು ಗಿಡದಲ್ಲಿ ಬಿಳಿ ಚುಕ್ಕೆ ಮತ್ತೆ ಕಾಣಿಸಿತು. ಹತ್ತಿದ ಗಿಡಕ್ಕೆಲ್ಲ ಹಳೆ ಸೀರೆಯ ಕೆಂಪು ಪಟ್ಟಿ ಕಟ್ಟುತ್ತಾ ಹೋದೆ. ಎಣಿಸಿದರೆ 112 ಗಿಡ. ಗಿಡಕ್ಕೆ 10 ಕ್ರಿಪ್ಟೋಲೀಮಸ್ ದುಂಬಿ ಬಿಡಬೇಕು ಅನ್ನುವುದು ಲೆಕ್ಕ. ಎರಡು ಎಕರೆಗೂ ಅಂದರೆ ಹದಿನಾಲ್ಕು ಸಾವಿರ ದಾಟುತ್ತದೆ, ನಮ್ಮ ಕೈಲಿ ಆಗುವುದಲ್ಲ. ಪಟ್ಟಿ ಕಟ್ಟಿದ ಗಿಡಕ್ಕೆ ಮಾತ್ರ ಸಾಕು ಅಂತ ತೀರ್ಮಾನ ಮಾಡಿ 1,200 ತರಿಸಿದೆ. ತಿಗಣೆ ಇಲ್ಲದ ಗಿಡದಲ್ಲಿ ಅದು ಹೇಗೂ ನಿಲ್ಲುವುದಿಲ್ಲ. ತಿಗಣೆಯ ಮೊಟ್ಟೆ ಗೂಡಿನಲ್ಲೇ ಅದು ತನ್ನ ಮೊಟ್ಟೆ ಇಡುವುದು.

ಮೊದಲ ಸಲ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿದೆ. ಡಬ್ಬಿಯನ್ನು ಎಂಜಿನ್ ಪಕ್ಕ ಇಟ್ಟಿದ್ದರು. ಮನೆಗೆ ತಂದು ಬಿಚ್ಚಿದರೆ ಕಾಗದದ ಚೂರುಗಳ ನಡುವೆ ಎಲ್ಲವೂ ಕಾಲು ಮೇಲೆ ಮಾಡಿ ಬಿದ್ದಿದ್ದವು. ಎರಡನೇ ಸಲ ನಾದಿನಿಯ ಮಗ ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಪೂರ್ತಿ ತೊಡೆಯ ಮೇಲೆ ಇಟ್ಟುಕೊಂಡು ತಂದ. ಬೆಳಿಗ್ಗೆ ಕೊಪ್ಪಳ ಸ್ಟೇಷನ್‌ನಲ್ಲಿ ಇಳಿದವನೇ ಡಬ್ಬಿಯನ್ನು ನನ್ನ ಕಿವಿಗೆ ಹಿಡಿದ. ಒಳಗೆ ಪರಪರ ಸದ್ದು. ಆ ಸದ್ದು ಕೇಳಿ ಎಷ್ಟು ಖುಷಿ ಆಯಿತು ಅಂದರೆ ಈಗಲೂ ಹೇಳಲು ಬರುವುದಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಬಿಟ್ಟೆವು. ದುಂಬಿ ಸಾಸಿವೆಗಿಂತ ದೊಡ್ಡದು, ತೊಗರಿ ಕಾಳಿಗಿಂತ ಸಣ್ಣದು. ಬೆನ್ನು ಕಪ್ಪು, ತಲೆ ಮತ್ತು ಹಿಂಭಾಗದ ತುದಿ ಕಿತ್ತಳೆ. ದುಂಬಿ ಹತ್ತಿಕೊಂಡಿದ್ದ ಒಂದೊಂದು ಕಾಗದದ ಚೂರನ್ನು ತಿಗಣೆ ಇದ್ದ ಕವಲಿಗೆ ಸಿಕ್ಕಿಸಿದರೆ ಅದೇ ಇಳಿದು ಹೋಗುತ್ತದೆ. ಒಂದು ದುಂಬಿ ಹತ್ತಿಯ ಗೂಡು ಸಿಕ್ಕಿದ ಕೂಡಲೇ ತಲೆ ಒಳಗೆ ಹಾಕಿತು. ಬ್ಯಾಟರಿ ಬೆಳಕಿನಲ್ಲಿ ಕಾಲು ಗಂಟೆ ನೋಡಿದೆ. ತಲೆ ಹೊರಗೆ ತೆಗೆಯಲೇ ಇಲ್ಲ.

ಆಮೇಲೆ ಬಂದದ್ದು ಕಷ್ಟದ ಕಾಲ. ಹುಳ ತಂದು ಬಿಡುವುದು ಒಂದು ಸಂಜೆಯ ಕೆಲಸ, ಬಿಟ್ಟ ಮೇಲೆ ಸುಮ್ನೆ ಇರುವುದು ತಿಂಗಳ ಕೆಲಸ. ಮೂರನೇ ದಿನ ಹೋಗಿ ನೋಡಿದರೆ ದುಂಬಿ ಕಾಣುವುದಿಲ್ಲ. ಎಂಟನೇ ದಿನವೂ ತಿಗಣೆ ಹಾಗೇ ಇದೆ. ನಮ್ಮವರು ಪಂಪಿಗೆ ಡೀಸೆಲ್ ತುಂಬಿಸಿ ಇಟ್ಟರು. "ಇನ್ನ ನಾಕು ದಿನ ನೋಡ್ತೀನಿ, ಆಮ್ಯಾಲೆ ನಾ ಹೊಡ್ಯಾಂವ" ಅಂದರು. ನಾನು ಪಂಪಿನ ಪೈಪನ್ನು ತಂದು ಜೋಳದ ಕೋಣೆಯಲ್ಲಿಟ್ಟು ಬೀಗ ಹಾಕಿದೆ. ಜಗಳ ಆಯಿತು. ನನಗೂ ಒಳಗೊಳಗೆ ಹೆದರಿಕೆ ಇತ್ತು.

ಹದಿಮೂರನೇ ದಿನ ಪಟ್ಟಿ ಕಟ್ಟಿದ ಗಿಡಗಳಲ್ಲಿ ಬಿಳಿ ಹುಳ ಇನ್ನೂ ಜಾಸ್ತಿ ಆದ ಹಾಗೆ ಕಂಡಿತು, ದೊಡ್ಡದಾಗಿಯೂ ಕಂಡಿತು. ಹತ್ತು ವರ್ಷದಿಂದ ನಮ್ಮ ತೋಟಕ್ಕೆ ಬರುವ ಅಜ್ಜಿಯೊಬ್ಬಳಿದ್ದಾಳೆ. ತೋಟವನ್ನು ನಮಗಿಂತ ಜೋಪಾನ ಮಾಡುತ್ತಾಳೆ. ಮಧ್ಯಾಹ್ನ ಬಂದು, "ಎವ್ವಾ, ಒಂದ್ ಸಾಲು ಪೂರಾ ಅರಿವೀಲೆ ಒರಿಸೀನಿ, ದೊಡ್ಡ ದೊಡ್ಡ ಹುಳ ಆಗ್ಯಾವು" ಅಂದಳು. ಅವಳ ಕೈಯ ಬಟ್ಟೆ ನೋಡಿದೆ. ನಸುಗೆಂಪು ಕಲೆ ಒಂದೆರಡು. ಉಳಿದದ್ದೆಲ್ಲ ಹಳದಿ.

ಹಿಟ್ಟು ತಿಗಣೆ ಹಿಚುಕಿದರೆ ನಸುಗೆಂಪು ನೀರು ಬರುತ್ತದೆ. ಹಳದಿ ಬಂದರೆ ಅದು ತಿಗಣೆ ಅಲ್ಲ. ಕ್ರಿಪ್ಟೋಲೀಮಸ್‌ನ ಮರಿಹುಳ ಹಿಟ್ಟು ತಿಗಣೆಯ ಹಾಗೇ ಬಿಳಿ ಮೇಣದ ಎಳೆಗಳನ್ನು ಮೈತುಂಬ ಹೊದ್ದುಕೊಂಡಿರುತ್ತದೆ. ಈ ವಿಷಯ ಆ ಹುಡುಗಿ ನನಗೆ ಹೇಳಿದ್ದಳು. ನಾನು ಅಜ್ಜಿಗೆ ಹೇಳಿರಲಿಲ್ಲ. ತಪ್ಪು ನನ್ನದೇ. ದುಂಬಿ ಬಿಟ್ಟ ದಿನವೇ ತೋಟಕ್ಕೆ ಬರುವ ಎಲ್ಲರನ್ನೂ ಕರೆದು ತೋರಿಸಬೇಕಿತ್ತು.

ಅಜ್ಜಿಯನ್ನು ಪಕ್ಕದ ಸಾಲಿಗೆ ಕರೆದುಕೊಂಡು ಹೋದೆ. ಇಬ್ಬರೂ ಚಪ್ಪರದ ಕೆಳಗೆ ಕೂತೆವು. ಒಣ ಕಡ್ಡಿ ತೆಗೆದುಕೊಂಡು ಒಂದು ಬಿಳಿ ಹುಳವನ್ನು ಮುಟ್ಟಿದೆ, ಅಲ್ಲಾಡಲಿಲ್ಲ. ಮೂತಿಯನ್ನು ಗಿಡಕ್ಕೆ ಚುಚ್ಚಿಕೊಂಡು ಕೂತ ತಿಗಣೆ. ಅದರ ಬದಿಯಲ್ಲಿದ್ದ ಇನ್ನೊಂದನ್ನು ಮುಟ್ಟಿದೆ. ಅದು ಸರಸರ ಓಡಿತು. ಎಳೆಗಳೂ ಉದ್ದ, ಗಾಳಿಗೆ ಅಲ್ಲಾಡುತ್ತವೆ. ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಓಡಿದ್ದು ವಾಪಸ್ ಬಂತು. ತಿಗಣೆಯ ಪಕ್ಕಕ್ಕೆ ನಿಂತು ಕಚ್ಚಿತು. ತಿಗಣೆಯ ಮೈ ನಿಧಾನಕ್ಕೆ ಸೊರಗಿ, ಕೊನೆಗೆ ಬಿಳಿ ಹೊಟ್ಟಿನಷ್ಟು ಉಳಿಯಿತು. ಅಜ್ಜಿ ಬಾಯಿ ಮೇಲೆ ಸೆರಗು ಹಿಡಿದುಕೊಂಡಳು. ಆ ಸಂಜೆ ಉಳಿದ ಆಳುಗಳನ್ನೆಲ್ಲ ಕರೆದು, ಕಡ್ಡಿ ಹಿಡಿದು ತೋರಿಸಿದವಳು ಅವಳೇ. ನಮ್ಮವರಿಗೂ ತೋರಿಸಿದಳು. ಪೈಪಿನ ಬೀಗ ಅವತ್ತು ತೆಗೆದೆ.

ಒಂದು ತಿಂಗಳಿಗೆ ಸಾಲುಗಳಲ್ಲಿ ವ್ಯತ್ಯಾಸ ಕಂಡಿತು. ಆದರೆ ಬೇಲಿ ಕಡೆಯ ಇಪ್ಪತ್ತು ಗಿಡಗಳಲ್ಲಿ ಏನೂ ಆಗಲಿಲ್ಲ. ಕಾರಣ ಇರುವೆ. ತಿಗಣೆ ಹೊರಗೆ ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಬಂದ ಮೇಲೆ ತಿಗಣೆಯನ್ನು ಕಾಯುತ್ತದೆ. ದುಂಬಿ ಕೂತರೆ ಕಚ್ಚಿ ಓಡಿಸುತ್ತದೆ. ಕಾಂಡಕ್ಕೆ ಅಗಲದ ಟೇಪು ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿದೆ. ಗ್ರೀಸನ್ನು ನೇರ ತೊಗಟೆಗೆ ಹಚ್ಚಬಾರದು. ಮರುದಿನ ನೋಡಿದರೆ ಮೇಲೆ ಮತ್ತೆ ಇರುವೆ ಸಾಲು! ಎಲ್ಲಿಂದ ಅಂತ ಹಿಂಬಾಲಿಸಿದೆ. ತಂತಿ ಹಿಡಿದು ಬರುತ್ತಿದ್ದವು. ತಂತಿಗೆ ಕಲ್ಲು ಕಂಬದಿಂದ, ಕಲ್ಲು ಕಂಬಕ್ಕೆ ನೆಲದಿಂದ. ಕಂಬಗಳಿಗೂ ಗ್ರೀಸ್ ಪಟ್ಟಿ ಹಾಕಿದೆವು, ಚಪ್ಪರ ಮುಟ್ಟುತ್ತಿದ್ದ ಹುಲ್ಲು ಕಿತ್ತೆವು. ಎರಡು ವಾರದಲ್ಲಿ ಆ ಗಿಡಗಳಲ್ಲೂ ಮರಿಹುಳ ಕಂಡವು. ಹುಳ ಬಿಟ್ಟು "ಇದು ಕೆಲಸ ಮಾಡಲ್ಲ" ಅಂದವರ ತೋಟಗಳನ್ನು ಆಮೇಲೆ ಎರಡು ಮೂರು ನೋಡಿದ್ದೇನೆ. ಎಲ್ಲಾ ಕಡೆ ಇರುವೆ ಇತ್ತು.

ಬೇಲಿಯಲ್ಲಿ ಒಂದು ದಾಸವಾಳ ಇದೆ. ದಾಸವಾಳ ಈ ತಿಗಣೆಯ ತವರುಮನೆ ಇದ್ದ ಹಾಗೆ, ಕಡಿದು ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹೇಳುವುದು ಸರಿಯೇ. ಕಡಿಯಲು ಹೋದಾಗ ರೆಂಬೆಯಲ್ಲಿ ತಿಗಣೆಗಳ ನಡುವೆ ಒಂದು ಕೋಶ ಕಂಡಿತು. ಬೆರಳ ಉಗುರಿಗಿಂತ ಸಣ್ಣದು. ಅದರ ಮೇಲೆ ಎರಡು ಕಣ್ಣು, ಮೂಗು, ಬಾಯಿ. ಥೇಟ್ ಕೋತಿ ಮುಖ. ಕೀಟಶಾಸ್ತ್ರ ಓದಿದ ಆ ಹುಡುಗಿಗೆ ಫೋಟೋ ಕಳಿಸಿದೆ. ಅದು ಸ್ಪಾಲ್ಜಿಸ್ ಅನ್ನುವ ಚಿಟ್ಟೆಯ ಕೋಶ ಅಂತ ಉತ್ತರ ಬಂತು. ಉಳಿದ ಚಿಟ್ಟೆಗಳ ಮರಿಹುಳ ಎಲೆ ತಿಂದರೆ ಇದರ ಮರಿಹುಳ ಹಿಟ್ಟು ತಿಗಣೆ ತಿಂದು ಬೆಳೆಯುತ್ತದೆ. ಯಾರೂ ತಂದು ಬಿಟ್ಟದ್ದಲ್ಲ, ಇಲ್ಲೇ ಇರುವಂಥದ್ದು. ಏಳು ಸಲ ಎಣ್ಣೆ ಹೊಡೆಯುವ ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೊಡಲಿ ವಾಪಸ್ ತಂದೆ. ಆ ದಾಸವಾಳವನ್ನು ಉಳಿಸಿಕೊಂಡಿದ್ದೇನೆ. ತೋಟಕ್ಕೆ ತಾಗದ ಹಾಗೆ ಸವರಿ, ಬುಡಕ್ಕೆ ಗ್ರೀಸ್ ಪಟ್ಟಿ ಹಾಕಿ, ವಾರಕ್ಕೊಮ್ಮೆ ನೋಡುತ್ತೇನೆ. ಎಲ್ಲರೂ ಒಪ್ಪುವ ಮಾತಲ್ಲ ಇದು.

ಕಣ್ಣು ಪಳಗಿದ ಮೇಲೆ ಇನ್ನೂ ಏನೇನೋ ಕಂಡವು. ದ್ರಾಕ್ಷಿ ಎಲೆಯ ಕೆಳಗೆ ಕೂದಲಿನಂಥ ದಾರ, ದಾರದ ತುದಿಗೆ ಒಂದು ಮೊಟ್ಟೆ, ಹೀಗೆ ಸಾಲಾಗಿ ಏಳೆಂಟು. ಹಸಿರು ಜಾಲರೆಕ್ಕೆ ಹುಳದ್ದು. ಅದರ ಮರಿಗಳು ಎಷ್ಟು ಹೊಟ್ಟೆಬಾಕ ಅಂದರೆ ಮೊದಲು ಹುಟ್ಟಿದ್ದು ಪಕ್ಕದ ಮೊಟ್ಟೆಯನ್ನೇ ತಿಂದೀತು. ಅದಕ್ಕೇ ತಾಯಿ ಒಂದೊಂದನ್ನೂ ದಾರದ ಮೇಲೆ ಇಡುತ್ತದಂತೆ.

ಅಕ್ಟೋಬರ್ ಚಾಟಣಿ ಆದ ಮೇಲೆ ಪೆಟ್ಟು ಬಿತ್ತು. ಚಿಗುರು ಒಡೆಯುವಾಗ ಮೊಗ್ಗು ಕೊರೆಯುವ ಚಿಗಟ ದುಂಬಿ ಬಂತು. ಬೆಳಿಗ್ಗೆ ತಂಪಿನಲ್ಲಿ ಗಿಡ ಅಲ್ಲಾಡಿಸಿ, ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ತಟ್ಟೆ ಹಿಡಿದು ಅದನ್ನು ನಿಭಾಯಿಸಿದೆವು. ಎಲೆಗೆ ಬೂಷ್ಟು ಹಿಡಿಸುವ ಡೌನಿ ರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆದೆವು, ಗುಲಗಂಜಿ ಹುಳಕ್ಕೆ ಅದು ಕೀಟನಾಶಕದಷ್ಟು ಕೆಟ್ಟದ್ದಲ್ಲ. ಆದರೆ ನವೆಂಬರ್‌ನಲ್ಲಿ ಹೂವಿಗೆ ಥ್ರಿಪ್ಸ್ ಅನ್ನುವ, ರಸ ಹೀರುವ ಸಣ್ಣ ಹುಳ ಬಿತ್ತು. ಬೇವಿನ ಔಷಧಿಗೆ ಬಗ್ಗಲಿಲ್ಲ. ಕಾಯಿ ಮೇಲೆ ಗೀರು ಬಿದ್ದರೆ ಬೆಳೆ ಹೋದ ಹಾಗೇ. ಕೀಟನಾಶಕ ಹೊಡೆಯಲೇಬೇಕಾಯಿತು. ಮರುದಿನ ಕಾಂಡದ ಕೆಳಗೆ ಸತ್ತು ಬಿದ್ದ ಕಪ್ಪು ದುಂಬಿಗಳನ್ನು ನೋಡಿ ಅಜ್ಜಿ ನನ್ನ ಮುಖ ನೋಡಲಿಲ್ಲ.

ಆದರೆ ಅಷ್ಟು ಹೊತ್ತಿಗೆ ಮನೆಯಲ್ಲಿ ಕುಂಬಳಕಾಯಿ ಇದ್ದವು. ಸೆಪ್ಟೆಂಬರ್‌ನಲ್ಲೇ ಮೂವತ್ತು ದುಂಬಿ ಹಿಡಿದು ತಂದಿಟ್ಟಿದ್ದೆ. ವಿಧಾನ ಹೀಗೆ. ಚೆನ್ನಾಗಿ ಬಲಿತ, ಏಣು ಏಣಾಗಿರುವ, ತೊಟ್ಟು ಇರುವ ಕೆಂಪು ಕುಂಬಳಕಾಯಿ ಬೇಕು. ನುಣುಪಿನದರಲ್ಲಿ ತಿಗಣೆಗೆ ಕೂರಲು ಜಾಗ ಇಲ್ಲ. ತೊಳೆದು, ಶಿಲೀಂಧ್ರನಾಶಕದ ನೀರಿನಲ್ಲಿ ಅದ್ದಿ ಒಣಗಿಸಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಗಾಯ ಇದ್ದರೆ ಮೇಣ ಕರಗಿಸಿ ಮುಚ್ಚಬೇಕು. ಅದರ ಮೇಲೆ ತಿಗಣೆಯ ಮೊಟ್ಟೆ ಗೂಡುಗಳನ್ನು ಇಟ್ಟು ಕತ್ತಲೆ ಕೋಣೆಯಲ್ಲಿ ಬಿಟ್ಟರೆ ಎರಡು ಮೂರು ವಾರಕ್ಕೆ ಕಾಯಿ ಪೂರ್ತಿ ಬೆಳ್ಳಗಾಗುತ್ತದೆ. ಆಗ ಬಟ್ಟೆ ಬಿಗಿದ ಪೆಟ್ಟಿಗೆಯಲ್ಲಿ ಇಟ್ಟು ದುಂಬಿ ಬಿಡಬೇಕು. ಸುಮಾರು ತಿಂಗಳಿಗೆ ಹೊಸ ದುಂಬಿ ಹೊರಗೆ ಬರುತ್ತವೆ. ಅವಕ್ಕೆ ಬೆಳಕು ಇಷ್ಟ. ಕಿಟಕಿ ಕಡೆಯ ಬಟ್ಟೆಗೆ ಬಂದು ಕೂರುತ್ತವೆ, ಅಲ್ಲಿಂದ ಹಿಡಿಯುವುದು ಸುಲಭ. ಜೇನು ಸವರಿದ ಕಾಗದ ಕೊಟ್ಟು ಹತ್ತು ದಿನ ಇಟ್ಟುಕೊಂಡು, ಜೋಡಿ ಆದ ಮೇಲೆ ತೋಟಕ್ಕೆ ಬಿಡುವುದು.

ನನ್ನ ಮೊದಲ ಎರಡು ಕಾಯಿ ಕೊಳೆತವು. ಮೂರನೆಯದರಲ್ಲಿ ತಿಗಣೆ ಕಡಿಮೆ ಇತ್ತು, ಮರಿಹುಳ ಒಂದನ್ನೊಂದು ತಿಂದವು. ನಾಲ್ಕನೆಯದರಿಂದ ನೂರರ ಮೇಲೆ ಸಿಕ್ಕವು. ಪೆಟ್ಟಿಗೆಯ ಬಟ್ಟೆ ಇರುವೆ ನುಗ್ಗದಷ್ಟು ಬಿಗಿ ಇರಬೇಕು, ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಬೇಕು. ಅತ್ತೆ ಮೊದಮೊದಲು ಆ ಕೋಣೆಗೇ ಬರುತ್ತಿರಲಿಲ್ಲ. ಈಗ ಬಟ್ಟಲಿಗೆ ನೀರು ಹಾಕುವವರು ಅವರೇ.

ಥ್ರಿಪ್ಸ್‌ಗೆ ಹೊಡೆದ ಮೂರು ವಾರ ಬಿಟ್ಟು, ಡಿಸೆಂಬರ್ ಮಧ್ಯದಲ್ಲಿ ಮನೆಯ ದುಂಬಿಗಳನ್ನು ಬಿಟ್ಟೆ. 400 ಇದ್ದವು. ಚಳಿ ಇತ್ತು, ಬೆಳಿಗ್ಗೆ ಹೊತ್ತು ಅಲ್ಲಾಡುತ್ತಲೇ ಇರಲಿಲ್ಲ. ಬಿಸಿಲು ಏರಿದ ಮೇಲೆ ಓಡಾಡುತ್ತಿದ್ದವು. ಎಳ್ಳ ಅಮಾಸಿಗೆ ಚರಗ ಚೆಲ್ಲಲು ಹೋದಾಗ ಮೊದಲ ಮರಿಹುಳ ಕಂಡವು. ಗವಿಮಠದ ಜಾತ್ರೆ ಹೊತ್ತಿಗೆ ಕಾಯಿ ಮೆತ್ತಗಾಗುತ್ತಾ ಬಂದಿತ್ತು. ತಿಗಣೆ ಕಾಂಡದಿಂದ ಗೊನೆಗೆ ಇಳಿಯುವ ಸಮಯ ಅದೇ. ಆಳುಗಳೆಲ್ಲ ಜಾತ್ರೆಗೆ ಹೋಗಿದ್ದರು. ರೊಟ್ಟಿ ಮಾಡಿ ಮಠಕ್ಕೆ ಕಳಿಸಿ, ನಾನೊಬ್ಬಳೇ ಪಟ್ಟಿ ಕಟ್ಟಿದ ಗಿಡ ಒಂದೊಂದನ್ನೂ ಕಡ್ಡಿ ಹಿಡಿದು ನೋಡುತ್ತಾ ಬಂದೆ. ಮುಟ್ಟಿದರೆ ಓಡುವವು ಜಾಸ್ತಿ ಇದ್ದವು.

ಕಟಾವಿನಲ್ಲಿ 112 ಗಿಡಗಳ ಪೈಕಿ 17 ಗಿಡದ ಗೊನೆ ಮಾತ್ರ ಬೇರೆ ತೆಗೆದೆವು. ಹದಿನೇಳರಲ್ಲಿ ಹನ್ನೊಂದು ಬೇಲಿ ಕಡೆಯವು. ಹಿಟ್ಟು ತಿಗಣೆಗೆ ಅಂತ ಆ ವರ್ಷ ಒಂದು ಸಲವೂ ಎಣ್ಣೆ ಹೊಡೆಯಲಿಲ್ಲ. ಅದೇ ವ್ಯಾಪಾರಿ ಬಂದು ಗೊನೆಯೊಳಗೆ ಬೆರಳು ಹಾಕಿದ. ನಾನು ಬೆರಳನ್ನೇ ನೋಡುತ್ತಿದ್ದೆ. ಒಣಗಿತ್ತು.

ಈ ಆಗಸ್ಟ್‌ನಲ್ಲಿ ಡಬ್ಬಿ ಹಿಡಿದು ತೋಟಕ್ಕೆ ಹೋದೆ. ಬಿಡುವ ಮೊದಲು ಕಡ್ಡಿ ಪರೀಕ್ಷೆ ಮಾಡುವುದು ಈಗ ರೂಢಿ. ಬೇಲಿ ಕಡೆಯ ಸಾಲಿನಲ್ಲಿ, ಇನ್ನೂ ಒಂದು ದುಂಬಿಯನ್ನೂ ಬಿಡದ ಸಾಲಿನಲ್ಲಿ, ಅಜ್ಜಿ ಒಂದು ಬಿಳಿ ಹುಳ ಮುಟ್ಟಿದಳು. ಓಡಿತು. ಪಕ್ಕದ ಗಿಡದಲ್ಲಿ ಇನ್ನೆರಡು ಓಡಿದವು. ಆ ಸಾಲಿಗೆ ಡಬ್ಬಿ ಬಿಚ್ಚಲಿಲ್ಲ. ಪಕ್ಕದ ತೋಟದವರು ಕೇಳುತ್ತಲೇ ಇದ್ದರು, ಅವರಿಗೆ ಕೊಟ್ಟೆವು. ಜೊತೆಗೆ ಅಜ್ಜಿಯೂ ಹೋದಳು, ಕೈಯಲ್ಲಿ ಕಡ್ಡಿ ಹಿಡಿದುಕೊಂಡು.